ಮೊದಲ ಬೋರ್ಡ್ ಯಾವುದು: ಆರ್ಡುಯಿನೊ, ಇಎಸ್‌ಪಿ32, ಪೈ, ಇಲ್ಲವೇ ಅಟ್ಟದ ಮೇಲಿನ ಹಳೇ ಸಿಪಿಯು?

ಹೋದ ತಿಂಗಳು ಒಂದೇ ವಾರದಲ್ಲಿ ನಾಲ್ಕು ಜನ ಸುತ್ತಿ ಬಳಸಿ ಒಂದೇ ಪ್ರಶ್ನೆ ಕೇಳಿದರು: ಎಲೆಕ್ಟ್ರಾನಿಕ್ಸ್ ಕಲಿಯಲು ಮೊದಲು ಯಾವ ಬೋರ್ಡ್, ಅಂದರೆ ಪ್ರೋಗ್ರಾಂ ಬರೆದು ಲೈಟು, ಸೆನ್ಸರ್ ಆಡಿಸುವ ಪುಟ್ಟ ಸರ್ಕ್ಯೂಟ್ ಹಲಗೆ, ಕೊಳ್ಳಬೇಕು? ಪೊನ್ನಂಪೇಟೆಯಲ್ಲಿ ಪಿಯುಸಿ ಓದುವ ಹುಡುಗ, "ಅಣ್ಣಾ, ಆರ್ಡುಯಿನೊ ತಗೊಳ್ಳಲಾ, ಇಎಸ್‌ಪಿ ತಗೊಳ್ಳಲಾ?" ಅಂದ. ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರಿಗೆ ತೋಟದ ಮಳೆಯನ್ನು ತಾನೇ ಎಣಿಸಿಕೊಳ್ಳುವ ಏನಾದರೂ ಬೇಕು. ಕುಶಾಲನಗರದ ಅಕ್ಕ ಒಬ್ಬರಿಗೆ ಆರನೇ ಕ್ಲಾಸಿನ ಮಗಳ ಕೈಯಿಂದ ಮೊಬೈಲ್ ಬಿಡಿಸಬೇಕು. ನಾಲ್ಕನೆಯವನು ಐಟಿಐ ಮುಗಿಸಿ, ಗೋಣಿಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಸೇರಲು ಓಡಾಡುತ್ತಿರುವವನು. ನಾಲ್ವರೂ ಯೂಟ್ಯೂಬ್ ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದರು. ಫೋನಿನಲ್ಲಿ ಅವಸರಕ್ಕೆ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬರೆದಿದ್ದೇನೆ.

ನನ್ನ ಬಗ್ಗೆ ಒಂದು ಮಾತು. ಮೈಸೂರಿನಲ್ಲಿ ಹನ್ನೊಂದು ವರ್ಷ ಯುಪಿಎಸ್, ಇನ್ವರ್ಟರ್ ಸರ್ವಿಸ್ ಮಾಡಿ, ಈಗ ನಾಪೋಕ್ಲು ಹತ್ತಿರ ಅಪ್ಪನ ಜೊತೆ ತೋಟ ನೋಡಿಕೊಂಡಿದ್ದೇನೆ. ಹಿಂದಿನ ವರಾಂಡದಲ್ಲಿ ಒಂದು ಮೇಜು ಇದೆ. ಭಾನುವಾರ ಅಕ್ಕಪಕ್ಕದ ಮಕ್ಕಳು ಬಂದು ಅಲ್ಲಿ ಏನಾದರೂ ಸುಟ್ಟು ಹೋಗುತ್ತಾರೆ.

ನಾಲ್ವರೂ ಮೊದಲು ಕೇಳಿದ್ದು "ಯಾವುದಕ್ಕೆ ಪವರ್ ಜಾಸ್ತಿ?" ಅಂತ. ತೋಟಕ್ಕೆ ಜೀಪು ಕೊಳ್ಳುವವರು ಟಾಪ್ ಸ್ಪೀಡ್ ಕೇಳುತ್ತಾರಾ? ಫೋರ್‌ವೀಲ್ ಇದೆಯಾ, ಕೆಸರಲ್ಲಿ ಏರುತ್ತಾ, ಸ್ಪೇರ್ ಸಿಗುತ್ತಾ ಅಂತ ಕೇಳುತ್ತಾರೆ. ಇಲ್ಲೂ ಹಾಗೇ.

ಯಾವುದರಿಂದ ಅಳೆಯಬೇಕು

ಮೊದಲು ನೋಡಬೇಕಾದ್ದು, ಸುಟ್ಟರೆ ಎಷ್ಟು ಹೋಗುತ್ತದೆ ಅನ್ನುವುದು. ಕಲಿಯುವವರು ಸುಟ್ಟೇ ಸುಡುತ್ತಾರೆ. ನಾನೂರು ರೂಪಾಯಿಯದು ಸುಟ್ಟರೆ ಬೈದುಕೊಂಡು ಇನ್ನೊಂದು ತರಿಸುತ್ತೀರಿ. ಏಳು ಸಾವಿರದ್ದು ಸುಟ್ಟರೆ ಇಡೀ ಡಬ್ಬಿಯೇ ಅಟ್ಟ ಸೇರುತ್ತದೆ, ಕಲಿಕೆ ಅಲ್ಲಿಗೆ ಮುಗಿಯಿತು. ನನ್ನ ಲೆಕ್ಕದಲ್ಲಿ ಉಳಿದೆಲ್ಲ ಇದರ ನಂತರ.

ಆಮೇಲೆ ಕರೆಂಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲೋ ಒಂದು ಮರ ತಂತಿಯ ಮೇಲೆ ಬೀಳುತ್ತಲೇ ಇರುತ್ತದೆ. ನಡುವೆ ಕರೆಂಟ್ ಹೋದರೆ ಕೆಲವು ಸಾಮಾನುಗಳಿಗೆ ಏನೂ ಆಗುವುದಿಲ್ಲ, ಕೆಲವು ಏಳುವುದೇ ಇಲ್ಲ.

ಮೂರನೆಯದು ಮನೆಯಲ್ಲಿ ಈಗಾಗಲೇ ಏನಿದೆ ಅನ್ನುವುದು. ಲ್ಯಾಪ್‌ಟಾಪ್ ಇದ್ದರೆ ದಾರಿಯೇ ಬೇರೆ, ಬರೀ ಮೊಬೈಲ್ ಇದ್ದರೆ ದಾರಿಯೇ ಬೇರೆ. ನಾಲ್ಕನೆಯದು ಒಳಗೆ ನಡೆಯುವುದು ಎಷ್ಟು ಕಾಣುತ್ತದೆ ಅನ್ನುವುದು. ವೋಲ್ಟ್ ಅಳೆಯುವ ಮೀಟರಿನ ಕಡ್ಡಿ ಇಟ್ಟು ನೋಡಲು ಆಗದಿದ್ದರೆ ಅದರಿಂದ ಎಲೆಕ್ಟ್ರಾನಿಕ್ಸ್ ಕಲಿಯುವುದು ಕಷ್ಟ. ಕೊನೆಗೆ, ಕಲಿತು ಏನು ಮಾಡಬೇಕೆಂದಿದ್ದೀರಿ: ಪರೀಕ್ಷೆಯೋ, ತೋಟವೋ, ಹೊಟ್ಟೆಪಾಡೋ, ಬರೀ ಖುಷಿಯೋ.

ಇನ್ನೊಂದು ಸಣ್ಣದು. ಕೊಡಗಿಗೆ ರೈಲಿಲ್ಲ, ಬರುವುದೆಲ್ಲ ರಸ್ತೆಯಲ್ಲೇ ಬರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡು ರೂಪಾಯಿಗೆ ಕೈಗೆ ಸಿಗುವ, ಕರೆಂಟ್ ಹರಿವನ್ನು ಮಿತಿಯಲ್ಲಿಡುವ ರೆಸಿಸ್ಟರ್‌ಗೆ ಇಲ್ಲಿ ಐದು ದಿನ ಕಾಯಬೇಕು. ಹಾಗಾಗಿ ಸಣ್ಣ ಸಾಮಾನುಗಳನ್ನು ಬೇಕಾದ್ದಕ್ಕಿಂತ ಹತ್ತು ಪಟ್ಟು ತರಿಸಿಡುವುದು ದುಂದಲ್ಲ.

ಕೆಳಗೆ ಹೇಳುವ ಬೆಲೆಗಳು ಅಂದಾಜು. ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ.

ಬೋರ್ಡ್ ಇಲ್ಲದೆ: ಬರೀ ಬಿಡಿಭಾಗ ಮತ್ತು ಮಲ್ಟಿಮೀಟರ್

ಇದನ್ನು ಯಾರೂ ಕೇಳುವುದಿಲ್ಲ, ನಾನು ಮೊದಲು ಹೇಳುವುದು ಇದನ್ನೇ. ಒಂದು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತೂತುಗಳಿಗೆ ವೈರ್ ಸಿಕ್ಕಿಸುವ ಹಲಗೆ), ಮೂರು ಪೆನ್ಸಿಲ್ ಸೆಲ್ ಕೂರುವ ಹೋಲ್ಡರ್, ಹತ್ತು ಎಲ್‌ಇಡಿ, 220 ಓಮ್, 1 ಕೆ, 10 ಕೆ (ಕೆ ಅಂದರೆ ಸಾವಿರ ಓಮ್) ರೆಸಿಸ್ಟರ್, ಎರಡು ಟ್ರಾನ್ಸಿಸ್ಟರ್ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ನಡೆಸುವುದು), ನಾಲ್ಕು ಕೆಪಾಸಿಟರ್ (ಚಾರ್ಜ್ ತುಂಬಿಟ್ಟುಕೊಳ್ಳುವುದು), ಒಂದು 555 ಟೈಮರ್ ಚಿಪ್, ಇನ್ನೂರೈವತ್ತು ರೂಪಾಯಿಯ ಹಳದಿ ಮಲ್ಟಿಮೀಟರ್. ಎಲ್ಲ ಸೇರಿ ಆರೇಳು ನೂರು.

ಮೇಜಿನ ಮೇಲೆ ನಡೆಯುವುದು ಹೀಗೆ. ಮೂರು ಹೊಸ ಸೆಲ್ ಅಂದರೆ 4.5 ವೋಲ್ಟ್. ಕೆಂಪು ಎಲ್‌ಇಡಿಗೆ ಸಾಲಾಗಿ 220 ಓಮ್ ರೆಸಿಸ್ಟರ್ ಹಾಕಿ ಹೊತ್ತಿಸಿ. ಈಗ ಮೀಟರನ್ನು ಎಲ್‌ಇಡಿಯ ಎರಡು ಕಾಲಿಗೆ ಇಡಿ: ಸುಮಾರು 2 ವೋಲ್ಟ್. ರೆಸಿಸ್ಟರ್‌ನ ಎರಡು ಕಾಲಿಗೆ ಇಡಿ: ಸುಮಾರು 2.5. ಎರಡೂ ಕೂಡಿದರೆ ಸೆಲ್ ಕೊಟ್ಟ 4.5. ರೆಸಿಸ್ಟರ್‌ನ 2.5 ಅನ್ನು 220ರಿಂದ ಭಾಗಿಸಿದರೆ 11 ಮಿಲಿಆಂಪಿಯರ್, ಅಷ್ಟು ಕರೆಂಟ್ ಹರಿಯುತ್ತಿದೆ. ಕೆಂಪು ತೆಗೆದು ಬಿಳಿ ಎಲ್‌ಇಡಿ ಹಾಕಿದರೆ ಅದು ಒಂದೇ 3 ವೋಲ್ಟ್ ಹತ್ತಿರ ಇಟ್ಟುಕೊಳ್ಳುತ್ತದೆ, ರೆಸಿಸ್ಟರ್‌ಗೆ ಉಳಿಯುವುದು ಒಂದೂವರೆ. ಪುಸ್ತಕದಲ್ಲಿ ಮೂರು ಸಲ ಓದಿ ಪರೀಕ್ಷೆಯಲ್ಲಿ ಬರೆದ ಓಮ್ ನಿಯಮ ನನ್ನ ತಲೆಗೆ ನಿಜವಾಗಿ ಇಳಿದದ್ದು ಹೀಗೆ ಕೂಡಿಸಿ ನೋಡಿದ ಮೇಲೆ.

555 ಚಿಪ್ 1972ರಿಂದ ಮಾರುಕಟ್ಟೆಯಲ್ಲಿದೆ, ಇವತ್ತಿಗೂ ಹತ್ತು ರೂಪಾಯಿಗೆ ಸಿಗುತ್ತದೆ. ಎರಡು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿಸಿದರೆ ಎಲ್‌ಇಡಿ ಮಿಣುಕುತ್ತದೆ. ಕೆಪಾಸಿಟರ್ ದೊಡ್ಡದು ಹಾಕಿದರೆ ನಿಧಾನ, ಚಿಕ್ಕದು ಹಾಕಿದರೆ ಬೇಗ. ಒಂದು ಸಾಲು ಪ್ರೋಗ್ರಾಂ ಕೂಡ ಬೇಡ.

ಸುಟ್ಟರೆ ಎರಡು ರೂಪಾಯಿ, ಕರೆಂಟ್ ಹೋದರೂ ಚಿಂತೆ ಇಲ್ಲ, ಕಂಪ್ಯೂಟರ್ ಬೇಡ, ಎಲ್ಲವೂ ಕಾಣುತ್ತದೆ. ಕೊರತೆ ಒಂದೇ: ಮೂರು ವಾರ ಆದ ಮೇಲೆ ಬೇಸರ ಬರುತ್ತದೆ. ಮಳೆ ಎಣಿಸಲು, ಪರದೆಯಲ್ಲಿ ಅಕ್ಷರ ಮೂಡಿಸಲು ಇದರಿಂದ ಆಗುವುದಿಲ್ಲ. ಆ ಬೇಸರ ಬಂದ ದಿನವೇ ಬೋರ್ಡ್ ತರಿಸುವ ದಿನ.

ಆರ್ಡುಯಿನೊ ಉನೊ

ಇಟಲಿಯ ಇವ್ರೆಯಾ ಊರಿನಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿ ಶುರುವಾದದ್ದು ಆರ್ಡುಯಿನೊ. ಉನೊ ಬೋರ್ಡ್ ಬಂದದ್ದು 2010ರಲ್ಲಿ. ಇದರ ಆರ್3 ಮಾದರಿಯಲ್ಲಿರುವ ಎಟಿಮೆಗಾ328ಪಿ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಪ್ರೋಗ್ರಾಂ ಇಡಲು 32 ಕಿಲೋಬೈಟ್, ಓಡುವಾಗ ಬಳಸಲು ಬರೀ 2 ಕಿಲೋಬೈಟ್. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಲೆಕ್ಕ ಹಾಕಿದರೆ ನೀವು ಈಗ ಓದುತ್ತಿರುವ ಈ ಪ್ಯಾರಾ ಪೂರ್ತಿ ಆ 2 ಕಿಲೋಬೈಟ್‌ನಲ್ಲಿ ಕೂರುವುದಿಲ್ಲ. ಇದನ್ನು ಕೇಳಿದ ಕೂಡಲೇ ಹುಡುಗರು ಮೂಗು ಮುರಿಯುತ್ತಾರೆ. ಆದರೆ ಒಂದು ಬಟನ್ ಒತ್ತಿದರೆ ಒಂದು ಲೈಟ್ ಹೊತ್ತಿಸಲು ಅದಕ್ಕಿಂತ ಹೆಚ್ಚೇನು ಬೇಕು? ಇಂಥ ಇಕ್ಕಟ್ಟಿನ ಜಾಗದಲ್ಲಿ ಬರೆದು ರೂಢಿಯಾದರೆ ಮೆಮೊರಿ ಅಂದರೇನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ.

ಕಲಿಯುವವರಿಗೆ ಉನೊ ಒಳ್ಳೆಯದು ಅನ್ನಲು ಕಾರಣ ಅದರ ದಪ್ಪ ಚರ್ಮ. 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ, ಪೇಟೆಯಲ್ಲಿ ಸಿಗುವ ಬಹುಪಾಲು ಹಳೆಯ ಸೆನ್ಸರ್‌ಗಳೂ 5 ವೋಲ್ಟಿನವೇ. ಒಂದು ಪಿನ್ 20 ಮಿಲಿಆಂಪಿಯರ್ ಆರಾಮವಾಗಿ ಕೊಡುತ್ತದೆ, 40 ದಾಟಿದರೆ ಅದರ ಕಥೆ ಮುಗಿಯಿತು. ಸಾಮಾನ್ಯ 5 ವೋಲ್ಟ್ ರಿಲೇಯ (ಕರೆಂಟಿನಿಂದಲೇ ಆಡುವ ಸ್ವಿಚ್) ಕಾಯಿಲ್ ಒಂದೇ 70 ಮಿಲಿಆಂಪಿಯರ್ ಎಳೆಯುತ್ತದೆ, ಅದನ್ನು ನೇರ ಪಿನ್‌ಗೆ ಕೊಟ್ಟವರು ನಮ್ಮ ಮೇಜಿನ ಸುತ್ತ ಬಹಳ ಮಂದಿ. ನಡುವೆ ಒಂದು ಟ್ರಾನ್ಸಿಸ್ಟರ್ ಬೇಕು. ಅದಕ್ಕೇ ಬಿಡಿಭಾಗದಿಂದ ಶುರು ಮಾಡಿ ಅಂದದ್ದು.

ಕೊಳ್ಳುವಾಗ ಒಂದು ನೋಡಿ. ಕೆಲವು ಉನೊಗಳಲ್ಲಿ ಚಿಪ್ ಉದ್ದಕ್ಕೆ, ಎರಡು ಸಾಲು ಕಾಲಿನದಾಗಿ, ಸಾಕೆಟ್‌ನಲ್ಲಿ ಕೂತಿರುತ್ತದೆ. ಕೆಲವದರಲ್ಲಿ ಉಗುರಿನಷ್ಟು ಚೌಕದ್ದು, ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಉದ್ದದ್ದನ್ನೇ ತನ್ನಿ. ಸುಟ್ಟರೆ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ಬೇರೆ ಚಿಪ್ ಕೂರಿಸಬಹುದು, ಬೂಟ್‌ಲೋಡರ್ (ಪ್ರೋಗ್ರಾಂ ಇಳಿಸಿಕೊಳ್ಳಲು ಚಿಪ್‌ನೊಳಗೆ ಮೊದಲೇ ಇರಬೇಕಾದ ಪುಟ್ಟ ಪ್ರೋಗ್ರಾಂ) ಹಾಕಿದ್ದೇ ಬೇಕು ಅಂತ ಕೇಳಿ ತಗೊಳ್ಳಬೇಕು ಅಷ್ಟೇ. ಅಸಲಿ ಬೋರ್ಡ್‌ಗೆ ಎರಡು ಸಾವಿರದ ಮೇಲೆ, ನಕಲಿಗೆ ಐನೂರರ ಆಸುಪಾಸು. ವಿನ್ಯಾಸವನ್ನು ಅವರೇ ಮುಕ್ತವಾಗಿ ಬಿಟ್ಟಿರುವುದರಿಂದ ಬೇರೆಯವರು ಮಾಡಿ ಮಾರುವುದರಲ್ಲಿ ತಪ್ಪಿಲ್ಲ, ಆರ್ಡುಯಿನೊ ಹೆಸರು ಹಾಕಿಕೊಳ್ಳುವುದು ಮಾತ್ರ ತಪ್ಪು. ಕಲಿಯಲು ಅಗ್ಗದ್ದೇ ಸಾಕು ಅನ್ನುತ್ತೇನೆ. ಅಗ್ಗದವುಗಳಲ್ಲಿ ಸಿಎಚ್340 ಅನ್ನುವ ಯುಎಸ್‌ಬಿ ಚಿಪ್ ಇರುತ್ತದೆ, ಅದರ ಡ್ರೈವರ್ ಹಾಕದಿದ್ದರೆ ಕಂಪ್ಯೂಟರ್ ಬೋರ್ಡನ್ನು ಗುರುತಿಸದೇ ಇರಬಹುದು.

ಕಂಪ್ಯೂಟರ್ ಇಲ್ಲದಿದ್ದರೂ ದಾರಿ ಇದೆ. ಒಟಿಜಿ ಕೇಬಲ್ ಹಾಕಿ ಆಂಡ್ರಾಯ್ಡ್ ಮೊಬೈಲ್‌ನಿಂದಲೇ ಪ್ರೋಗ್ರಾಂ ಇಳಿಸುವ ಆ್ಯಪ್‌ಗಳಿವೆ. ಹಿಂಸೆ ಹೌದು, ಆದರೆ ಆಗುತ್ತದೆ. ಪೊನ್ನಂಪೇಟೆಯ ಹುಡುಗನ ಹತ್ತಿರ ಅಕ್ಕನ ಹಳೇ ಲ್ಯಾಪ್‌ಟಾಪ್ ಇದೆ. ಅವನಿಗೆ ನಾನು ಹೇಳಿದ್ದು: ಉನೊ ತಗೋ, ಆರು ತಿಂಗಳು ಬೇರೇನೂ ನೋಡಬೇಡ.

ಇಎಸ್‌ಪಿ32

ಕಾಗದದ ಮೇಲೆ ನೋಡಿದರೆ ಇದರ ಪಕ್ಕ ಉನೊ ನಿಲ್ಲುವುದೇ ಇಲ್ಲ. ಶಾಂಘೈಯ ಎಸ್‌ಪ್ರೆಸಿಫ್ ಕಂಪನಿ 2016ರಲ್ಲಿ ತಂದ ಈ ಚಿಪ್‌ನಲ್ಲಿ ಎರಡು ಕೋರ್, 240 ಮೆಗಾಹರ್ಟ್ಸ್, 520 ಕಿಲೋಬೈಟ್ ಮೆಮೊರಿ, ಜೊತೆಗೆ ವೈಫೈ, ಬ್ಲೂಟೂತ್. ಬೆಲೆ ನಾಲ್ಕೈದು ನೂರು, ಅಂದರೆ ನಕಲಿ ಉನೊಗಿಂತ ಕೆಲವು ಸಲ ಕಡಿಮೆ. ಹಾಗಿದ್ದ ಮೇಲೆ ಉನೊ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ.

ಯಾಕೆಂದರೆ ಇದು ನಾಜೂಕು. ಇದರದು 3.3 ವೋಲ್ಟ್. ನಮ್ಮ ನೀರಿನ ಟ್ಯಾಂಕಿಗೆ ಮಟ್ಟ ನೋಡುವ ಯಂತ್ರ ಮಾಡಲು ಹೋಗಿ ನಾನು ಮೊದಲನೆಯದನ್ನು ಕೊಂದದ್ದು ಹೀಗೆ: ಎಚ್‌ಸಿ-ಎಸ್‌ಆರ್04 ಅನ್ನುವ ಅಲ್ಟ್ರಾಸಾನಿಕ್ ಸೆನ್ಸರ್ 5 ವೋಲ್ಟಿನದು, ಅದರ ಎಕೋ ಪಿನ್ ವಾಪಸ್ ಕೊಡುವುದೂ 5 ವೋಲ್ಟೇ. ಯೂಟ್ಯೂಬ್‌ನಲ್ಲಿ ನೇರ ಜೋಡಿಸಿದ್ದರು, ನಾನೂ ಜೋಡಿಸಿದೆ. ಎರಡು ದಿನ ಓಡಿತು, ಮೂರನೇ ದಿನ ಆ ಪಿನ್ ಸತ್ತಿತ್ತು. ನಡುವೆ 1 ಕೆ ಮತ್ತು 2 ಕೆ ರೆಸಿಸ್ಟರ್ ಹಾಕಿ ಹಂಚಿದ್ದರೆ 5ರಲ್ಲಿ ಮೂರನೇ ಎರಡು ಪಾಲು, 3.33 ವೋಲ್ಟ್ ಮಾತ್ರ ಹೋಗುತ್ತಿತ್ತು. ಮೂರು ರೂಪಾಯಿಯ ಸಾಮಾನು. ಹನ್ನೊಂದು ವರ್ಷ ಸರ್ವಿಸ್ ಮಾಡಿದವನು ಅಂತ ಹೇಳಿಕೊಳ್ಳಲು ಆವತ್ತು ನಾಚಿಕೆಯಾಯಿತು. ಅಂದಹಾಗೆ ಆ ಟ್ಯಾಂಕಿಗೆ ಈಗ ಇರುವುದು ಒಂದು ಸಾದಾ ಫ್ಲೋಟ್ ಸ್ವಿಚ್. ತಣ್ಣಗಿನ ಬೆಳಗ್ಗೆ ಟ್ಯಾಂಕಿನೊಳಗೆ ಹಬೆ ಕಟ್ಟಿ ಅಲ್ಟ್ರಾಸಾನಿಕ್ ಸೆನ್ಸರ್ ಮೇಲೆ ಹನಿ ನಿಂತರೆ ಅದು ಹೇಳುವ ಅಂಕಿಗೆ ಅರ್ಥವೇ ಇರುವುದಿಲ್ಲ.

ಬೇರೆ ಕೊಕ್ಕೆಗಳೂ ಇವೆ. 34ರಿಂದ 39ರವರೆಗಿನ ಪಿನ್‌ಗಳು ಓದಲು ಮಾತ್ರ, ಅವುಗಳಿಂದ ಲೈಟ್ ಹೊತ್ತಿಸಲಾಗದು. ವೈಫೈ ಓಡುವಾಗ ವೋಲ್ಟೇಜ್ ಎಷ್ಟು ಅಂತ ಅಳೆಯುವ ಅರ್ಧದಷ್ಟು ಅನಲಾಗ್ ಪಿನ್‌ಗಳು ಕೈಕೊಡುತ್ತವೆ. ವೈಫೈ ಸಿಗ್ನಲ್ ಕಳಿಸುವ ಕ್ಷಣದಲ್ಲಿ ಒಮ್ಮೆಲೇ ಇನ್ನೂರು ಮಿಲಿಆಂಪಿಯರ್‌ಗೂ ಮೇಲೆ ಎಳೆಯುತ್ತದೆ. ಕೇಬಲ್ ಸಪೂರ ಇದ್ದರೆ ವೋಲ್ಟೇಜ್ ಕುಸಿದು ಬೋರ್ಡ್ ತಾನೇ ರೀಸ್ಟಾರ್ಟ್ ಆಗುತ್ತಾ ಕೂರುತ್ತದೆ. ಹೊಸಬರು ತಮ್ಮ ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾ ಮೂರು ದಿನ ಕಳೆಯುತ್ತಾರೆ.

ಆದರೆ ತೋಟದ ಕೆಲಸಕ್ಕೆ ಇದರ ಮುಂದೆ ಇನ್ನೊಂದಿಲ್ಲ. ಸೋಮವಾರಪೇಟೆಯ ಬೆಳೆಗಾರರಿಗೆ ಬೇಕಾದ ಮಳೆಮಾಪಕವನ್ನೇ ತಗೊಳ್ಳಿ. ನಮ್ಮಲ್ಲಿ ಮಳೆ ಲೆಕ್ಕ ಇಂಚು, ಸೆಂಟ್‌ನಲ್ಲಿ. ನೂರು ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ಪೇಟೆಯಲ್ಲಿ ಸಿಗುವ ಟಿಪ್ಪಿಂಗ್ ಬಕೆಟ್‌ನೊಳಗೆ ತೂಗುಯ್ಯಾಲೆಯಂಥ ಎರಡು ಪುಟ್ಟ ಸೌಟುಗಳಿರುತ್ತವೆ. ಒಂದು ತುಂಬಿದರೆ ಮಗುಚಿ ಇನ್ನೊಂದು ಮೇಲೆ ಬರುತ್ತದೆ, ಮಗುಚುವಾಗ ಆಯಸ್ಕಾಂತವೊಂದು ರೀಡ್ ಸ್ವಿಚ್ ಮುಂದೆ ಹಾದು ಟಿಕ್ ಅನ್ನಿಸುತ್ತದೆ. ನಾನು ತರಿಸಿದ್ದರಲ್ಲಿ ಒಂದು ಟಿಕ್‌ಗೆ 0.2794 ಮಿಲಿಮೀಟರ್, 91 ಟಿಕ್ ಆದರೆ ಒಂದು ಇಂಚು. ಸ್ವಿಚ್ ಒಂದು ಸಲ ಮುಚ್ಚುವಾಗ ಅದುರಿ ಎರಡು ಮೂರು ಟಿಕ್ ಕೊಡುತ್ತದೆ, ಅದನ್ನು ಪ್ರೋಗ್ರಾಂನಲ್ಲಿ ಸೋಸಬೇಕು. ನನ್ನ ಮೊದಲ ದಿನದ ಲೆಕ್ಕದಲ್ಲಿ ನಾಪೋಕ್ಲಿಗೆ ಬಿದ್ದ ಮಳೆ ನೋಡಿ ಅಪ್ಪ, "ಹಾಗಾದರೆ ನಾವೀಗ ತೇಲುತ್ತಿರಬೇಕಿತ್ತು" ಅಂದರು.

ಇದೇ ಕೆಲಸಕ್ಕೆ ಉನೊ ಹಾಕಿದರೆ? ಎಣಿಸುವುದು ಎಣಿಸುತ್ತದೆ. ಕರೆಂಟ್ ಹೋದ ಕೂಡಲೇ ಲೆಕ್ಕ ಮರೆಯುತ್ತದೆ. ಅದರ ಇಇಪ್ರಾಮ್‌ನಲ್ಲಿ ಬರೆದಿಡಬಹುದು, ಅದೂ ಒಂದು ಜಾಗಕ್ಕೆ ಲಕ್ಷ ಸಲ ಬರೆಯುವವರೆಗೆ ಮಾತ್ರ ಖಾತ್ರಿ. ಅಂಕಿ ನೋಡಲು ದಿನಾ ಛತ್ರಿ ಹಿಡಿದು ಅದರ ಹತ್ತಿರವೇ ಹೋಗಬೇಕು. ಇಎಸ್‌ಪಿ32 ಮನೆಯ ವೈಫೈಗೆ ಕಳಿಸುತ್ತದೆ, ಮಳೆ ಇಲ್ಲದಾಗ ನಿದ್ದೆ ಮಾಡುತ್ತದೆ, ಟಿಕ್ ಬಂದರೆ ಏಳುತ್ತದೆ. ನಿದ್ದೆಯಲ್ಲಿ ಚಿಪ್‌ಗೆ ಬೇಕಾದ್ದು 10 ಮೈಕ್ರೋಆಂಪಿಯರ್ ಆಸುಪಾಸು ಮಾತ್ರ. ಆದರೆ ನಾವು ಕೊಳ್ಳುವ ಬೋರ್ಡ್ ಮೇಲಿನ ಕೆಂಪು ಲೈಟ್, ಯುಎಸ್‌ಬಿ ಚಿಪ್ ಎಲ್ಲ ಸೇರಿ ಅದರ ನೂರಾರು ಪಟ್ಟು ತಿನ್ನುತ್ತವೆ. ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ ಅನ್ನುವ ಮಾತು ನಂಬಿ ಹೋದರೆ ಎರಡು ವಾರಕ್ಕೇ ಖಾಲಿ.

ಇನ್ನೊಂದು ನೆನಪಿರಲಿ. ಸಿಲ್ವರ್ ಓಕ್, ಕಾಳುಮೆಣಸಿನ ಬಳ್ಳಿ, ಒದ್ದೆ ಕಾಫಿ ಎಲೆ ದಾಟಿ ವೈಫೈ ಹೆಚ್ಚು ದೂರ ಹೋಗುವುದಿಲ್ಲ. ಮಳೆಮಾಪಕ ಕಣದ ಅಂಚಿನಲ್ಲಿದ್ದರೆ ಸರಿ, ಹೊಳೆ ಬದಿಯಲ್ಲಿದ್ದರೆ ಲೋರಾ ಅನ್ನುವ ರೇಡಿಯೊ ಬೇಕಾಗುತ್ತದೆ. ಭಾರತದಲ್ಲಿ ಅದಕ್ಕೆ 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದು. 433ರದ್ದು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಜಡಿಮಳೆಯಲ್ಲಿ ಈ ಬಕೆಟ್‌ಗಳು ಸ್ವಲ್ಪ ಕಡಿಮೆಯೇ ತೋರಿಸುತ್ತವೆ, ಮಗುಚುವ ಹೊತ್ತಿಗೆ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಅಪ್ಪ ಇವತ್ತಿಗೂ ಬೆಳಗ್ಗೆ ಗಾಜಿನ ಅಳತೆ ನೋಡಿಯೇ ಡೈರಿ ಬರೆಯುವುದು. ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಅವರದೇ ಸರಿ ಇರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ರಾತ್ರಿ ಎಷ್ಟು ಗಂಟೆಗೆ ಶುರುವಾಯಿತು ಅನ್ನುವುದಕ್ಕೆ ಮಾತ್ರ ನನ್ನನ್ನು ಕೇಳುತ್ತಾರೆ.

ಪೈ ಪಿಕೊ, ಮೈಕ್ರೊಬಿಟ್

ರಾಸ್ಪ್‌ಬೆರಿ ಪೈ ಮಾಡುವವರೇ 2021ರಲ್ಲಿ ತಂದ ಪಿಕೊ ಉನೊಗೂ ಇಎಸ್‌ಪಿಗೂ ನಡುವಿನದು. ನಾನೂರರ ಆಸುಪಾಸು, 3.3 ವೋಲ್ಟ್, ಮೈಕ್ರೊಪೈಥಾನ್‌ನಲ್ಲಿ ಬರೆಯಬಹುದು. ಕಾಲೇಜಿನಲ್ಲಿ ಪೈಥಾನ್ ಈಗಾಗಲೇ ಕಲಿತವರಿಗೆ ಉನೊ ಬದಲು ಇದು ಸಲೀಸು. ಬೇರೆಯವರಿಗೆ ಇದನ್ನೇ ತಗೊಳ್ಳಿ ಅನ್ನಲು ನನಗೆ ಕಾರಣ ಕಾಣುವುದಿಲ್ಲ.

ಮೈಕ್ರೊಬಿಟ್ ಕಥೆ ಬೇರೆ. ಬ್ರಿಟನ್ನಿನ ಬಿಬಿಸಿ 2016ರಲ್ಲಿ ಅಲ್ಲಿನ ಶಾಲಾ ಮಕ್ಕಳಿಗೆ ಹಂಚಿದ ಬೋರ್ಡ್ ಇದು. ಮೈಮೇಲೇ 25 ಎಲ್‌ಇಡಿ, ಎರಡು ಬಟನ್, ಅಲುಗಾಟ ತಿಳಿಯುವ ಸೆನ್ಸರ್, ದಿಕ್ಸೂಚಿ. 2020ರ ಎರಡನೇ ಆವೃತ್ತಿಯಲ್ಲಿ ಮೈಕು, ಸ್ಪೀಕರ್ ಕೂಡ. ವೈರ್ ಒಂದೂ ಬೇಡ, ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ, ಅದನ್ನು ಮೊಬೈಲ್‌ನಿಂದ ಬ್ಲೂಟೂತ್‌ನಲ್ಲೇ ಇಳಿಸಬಹುದು. ಎರಡು ಸಾವಿರದ ಆಸುಪಾಸು ಅನ್ನುವುದು ದುಬಾರಿ. ದೊಡ್ಡವರಿಗೆ ನಾನು ಬೇಡ ಅನ್ನುತ್ತೇನೆ, ಎಲ್ಲ ಒಳಗೇ ಇರುವುದರಿಂದ ಮೀಟರ್ ಇಡುವ ಅವಕಾಶ ಕಡಿಮೆ. ಹನ್ನೊಂದು ವರ್ಷದ ಮಗುವಿಗೆ ಮಾತ್ರ ಮೊದಲ ಹತ್ತು ನಿಮಿಷದಲ್ಲಿ ಏನೋ ಒಂದು ಆಗಲೇಬೇಕು, ಇದರಲ್ಲಿ ಆಗುತ್ತದೆ. ಕುಶಾಲನಗರದ ಅಕ್ಕನಿಗೆ ಇದನ್ನೇ ಹೇಳಿದೆ, ಮೊಬೈಲ್ ಬಿಡಿಸಲು ಮೊಬೈಲ್‌ನಿಂದಲೇ ಶುರು ಮಾಡಬೇಕಾಗುತ್ತದೆ ಅನ್ನುವ ಎಚ್ಚರಿಕೆ ಸಮೇತ.

ರಾಸ್ಪ್‌ಬೆರಿ ಪೈ

ಇಲ್ಲೇ ಬಹಳ ಜನ ಎಡವುವುದು. ಪೈ ಅನ್ನುವುದು ಉನೊ ತರಹದ ಬೋರ್ಡ್ ಅಲ್ಲ, ಅಂಗೈಯಷ್ಟಿರುವ ಪೂರ್ತಿ ಕಂಪ್ಯೂಟರ್. 2012ರ ಫೆಬ್ರವರಿ 29ರಂದು ಮಾರಾಟ ಶುರುವಾಯಿತು. ಲಿನಕ್ಸ್ (ವಿಂಡೋಸ್ ತರಹದ, ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಂ) ಓಡುತ್ತದೆ, ಟಿವಿಗೆ ಎಚ್‌ಡಿಎಂಐ ಹಾಕಿ, ಕೀಬೋರ್ಡ್, ಮೌಸ್ ಜೋಡಿಸಿದರೆ ಕೆಲಸ ಶುರು. ಅಂಚಿನಲ್ಲಿ 40 ಪಿನ್‌ಗಳೂ ಇವೆ, ಹಾಗಾಗಿ ಎಲೆಕ್ಟ್ರಾನಿಕ್ಸ್‌ಗೂ ಆಗುತ್ತದೆ. ಆದರೆ ಅನಲಾಗ್ ಪಿನ್ ಒಂದೂ ಇಲ್ಲ. ಒಂದು ಬೆಳಕಿನ ಸೆನ್ಸರ್ ಓದಲು ಬೇರೆ ಚಿಪ್ ಬೇಕು. ಪಿನ್‌ಗೆ 5 ವೋಲ್ಟ್ ತಗುಲಿತೋ, ಹೋಗುವುದು ನಾನೂರಲ್ಲ.

ನಾಲ್ಕನೇ ಪೈಗೆ 5 ವೋಲ್ಟ್ 3 ಆಂಪಿಯರ್, ಐದನೆಯದಕ್ಕೆ 5 ಆಂಪಿಯರ್ ಅಡಾಪ್ಟರ್ ಬೇಕು, ಮೊಬೈಲ್ ಚಾರ್ಜರ್ ನಂಬುವ ಹಾಗಿಲ್ಲ. ಅಡಾಪ್ಟರ್, ಮೆಮೊರಿ ಕಾರ್ಡ್, ಕೇಬಲ್, ಡಬ್ಬಿ ಸೇರಿದರೆ ಎಂಟು ಸಾವಿರ ದಾಟುವುದು ಸಾಮಾನ್ಯ. ಎಲ್ಲಕ್ಕಿಂತ ಮುಖ್ಯ, ಬರೆಯುತ್ತಿರುವಾಗ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡುವ ಸಂಭವ ಇದೆ. ಕಳೆದ ಮಳೆಗಾಲದಲ್ಲಿ ನನ್ನ ಪೈನ ಕಾರ್ಡನ್ನು ಎರಡು ಸಲ ಹೊಸದಾಗಿ ಬರೆದೆ. ಉನೊ ಆದರೆ ಪ್ಲಗ್ ಕಿತ್ತು ಮತ್ತೆ ಹಾಕಿದರೆ ಕ್ಷಣದಲ್ಲಿ ಮೊದಲಿಂದ ಶುರು.

ಹಾಗಾದರೆ ಯಾರಿಗೆ? ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಟಿವಿ ಇದೆ, ಇನ್ವರ್ಟರ್ ಇದೆ, ಕಂಪ್ಯೂಟರೂ ಕಲಿಯಬೇಕು ಲಿನಕ್ಸೂ ಕಲಿಯಬೇಕು ಅನ್ನುವವರಿಗೆ. ಹತ್ತು ವ್ಯಾಟ್ ಆಸುಪಾಸಿನಲ್ಲೇ ಓಡುವುದರಿಂದ ಇನ್ವರ್ಟರ್‌ಗೆ ಭಾರವೇ ಅಲ್ಲ. ಕ್ಯಾಮೆರಾ ಇಟ್ಟು ತೋಟಕ್ಕೆ ಏನು ನುಗ್ಗಿತು ಅಂತ ನೋಡುವವರಿಗೂ ಸರಿ. ಆನೆ ಬಂದದ್ದನ್ನು ತಿಳಿಯಲು ಪೈ ಬೇಕಾಗಿಲ್ಲ ಅನ್ನುವುದು ಬೇರೆ ಮಾತು.

ಅಟ್ಟದ ಮೇಲಿನ ಹಳೇ ಸಿಪಿಯು

ರಿಪೇರಿ ಕಲಿಯಲು ಹೊರಟ ಗೋಣಿಕೊಪ್ಪದ ಹುಡುಗನಿಗೆ ಮೇಲಿನ ಯಾವುದೂ ಬೇಡ. ಅವನ ಅಂಗಡಿಗೆ ಬರುವುದು ಆರ್ಡುಯಿನೊ ಅಲ್ಲ, ಆನ್ ಆಗದ ಡೆಸ್ಕ್‌ಟಾಪ್. ಯಾರ ಮನೆಯಲ್ಲಾದರೂ ಗೋಣಿಚೀಲ ಹೊದ್ದು ಕೂತಿರುವ ಕಂಪ್ಯೂಟರ್ ಸಿಕ್ಕರೆ ಪುಕ್ಕಟೆ. ಆಫೀಸುಗಳಿಂದ ಬಂದ ಹಳೇ ಐ5 ಪೆಟ್ಟಿಗೆಗಳು ಏಳೆಂಟು ಸಾವಿರದೊಳಗೆ ಸಿಗುತ್ತವೆ.

ಮೊದಲ ಪಾಠ ಬಿಚ್ಚುವುದು. ರ್‍ಯಾಮ್ ಕಿತ್ತು ಆನ್ ಮಾಡಿ, ಬೀಪ್ ಕೇಳಿ. ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ಮತ್ತೆ ಹಾಕಿ. ನಮ್ಮೂರಿನ ತೇವಕ್ಕೆ ಸತ್ತ ಅನ್ನಿಸಿಕೊಂಡ ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದು ಕೂತಿವೆ. ಆನ್ ಮಾಡಿದಾಗಲೆಲ್ಲ ತಾರೀಖು ಹಳೇ ವರ್ಷದ ಜನವರಿ 1ಕ್ಕೆ ಹೋದರೆ ನಾಣ್ಯದಂಥ ಸಿಆರ್2032 ಸೆಲ್ ಸತ್ತಿದೆ. 3 ವೋಲ್ಟ್ ಇದೆಯಾ ಅಂತ ಮೀಟರ್ ಹೇಳುತ್ತದೆ. ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿ. ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ವೈರ್‌ಗಳ ಬಣ್ಣ ಬಾಯಿಪಾಠ ಮಾಡಿ: ಹಳದಿ 12, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್. ಬೋರ್ಡ್‌ನಿಂದ ಬಿಚ್ಚಿದ ಪ್ಲಗ್‌ನಲ್ಲಿ ಹಸಿರನ್ನು ಕಪ್ಪಿಗೆ ಸೇರಿಸಿದರೆ ಫ್ಯಾನ್ ತಿರುಗಬೇಕು. ತಿರುಗಿದರೆ ಮೀಟರ್ ಇಟ್ಟು ಒಂದೊಂದೇ ಬಣ್ಣ ಅಳೆಯಿರಿ.

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ನಷ್ಟು ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಫ್ಯೂಸ್ ಹೋಗಿದೆ ಅಂತ ಬಿಚ್ಚಿ ಗೋಡೆಗೆ ಬಿದ್ದವರನ್ನು ನಾನು ಸರ್ವಿಸ್ ದಿನಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅಂದರೆ ಅದು ಸಾಮಾನ್ಯವಾಗಿ ಕಂಪ್ಯೂಟರಿನ ತಪ್ಪಲ್ಲ, ಮನೆಗೆ ಸರಿಯಾದ ಅರ್ತಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಕರೆಂಟನ್ನು ಅರ್ತ್‌ಗೆ ಬಿಡುವಂತೆಯೇ ಮಾಡಿರುತ್ತಾರೆ. ಅರ್ತ್ ಇಲ್ಲದಿದ್ದರೆ ಅದು ನಿಮ್ಮ ಮೂಲಕ ಹೋಗುತ್ತದೆ. ಹಳೇ ಮನೆ, ಕಾರ್ಮಿಕರ ಲೈನ್ ಮನೆಗಳಲ್ಲಿ ಇದು ಮಾಮೂಲು. ಕಲಿಯಲು ಕೂರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಮಾಡಿಸಿ, ಮೇನ್ ಬೋರ್ಡ್‌ನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್) ಹಾಕಿಸಿ. ಮೋಟಾರು, ಪಂಪ್‌ಸೆಟ್‌ನ ಸ್ಟಾರ್ಟರ್‌ಗೆ ರಿಲೇ ಜೋಡಿಸುವ ಯೋಚನೆ ಇದ್ದರೆ ಅದನ್ನೂ ಅವರ ಕೈಯಲ್ಲೇ ಮಾಡಿಸಿ.

ಹಳೇ ಯಂತ್ರಕ್ಕೆ ಇನ್ನೊಂದು ತೊಡಕಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳಿಗೆ 11 ಅಧಿಕೃತವಾಗಿ ಹೋಗುವುದಿಲ್ಲ. ಎಸ್‌ಎಸ್‌ಡಿ ಹಾಕಿ ಲಿನಕ್ಸ್ ತುಂಬಿದರೆ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಅದೇ ಯಂತ್ರದಿಂದ ಉನೊಗೂ ಪ್ರೋಗ್ರಾಂ ಬರೆಯಬಹುದು. ಇನ್ವರ್ಟರ್ ಮೇಲೆ ಓಡಿಸುವವರು ಅದರ ಹಿಂದಿನ ಸ್ವಿಚ್ 'ಯುಪಿಎಸ್' ಕಡೆ ಇದೆಯಾ ನೋಡಿ. 'ನಾರ್ಮಲ್' ಕಡೆ ಇದ್ದರೆ ಕರೆಂಟ್ ಹೋದಾಗ ಬದಲಾಗಲು ತಡವಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಇದಕ್ಕಾಗಿಯೇ ನನ್ನನ್ನು ಮೈಸೂರಿನಿಂದ ವಿರಾಜಪೇಟೆಗೆ ಒಮ್ಮೆ ಕರೆಸಿದ್ದರು, ಸ್ವಿಚ್ ಒತ್ತಿ ಟೀ ಕುಡಿದು ವಾಪಸ್ ಹೋದೆ.

ಕೈಯಲ್ಲಿ ಇಷ್ಟೇ ಇದ್ದರೆ

ಏಳುನೂರು ಇದ್ದರೆ ಬಿಡಿಭಾಗ, ಮೀಟರ್. ಬೋರ್ಡ್ ಆಸೆಗೆ ಟಿಂಕರ್‌ಕ್ಯಾಡ್, ವೋಕ್ವಿ ಎಂಬ, ಪರದೆಯ ಮೇಲೇ ಬೋರ್ಡ್ ಓಡಿಸಿ ತೋರಿಸುವ ಸಿಮ್ಯುಲೇಟರ್‌ಗಳಲ್ಲಿ ಉನೊವನ್ನು ಪುಕ್ಕಟೆಯಾಗಿ ಆಡಿಸಬಹುದು. ಸಾವಿರದ ಇನ್ನೂರು ಇದ್ದರೆ ಅದರ ಜೊತೆ ಒಂದು ನಕಲಿ ಉನೊ. ಎರಡು ಸಾವಿರ ಇದ್ದರೆ ಬಿಡಿಭಾಗ, ಉನೊ, ಇಎಸ್‌ಪಿ32 ಮೂರೂ ಬಂದು ಸೋಲ್ಡರಿಂಗ್ ಐರನ್‌ಗೂ ಉಳಿಯುತ್ತದೆ. '37 ಸೆನ್ಸರ್ ಕಿಟ್' ಅಂತ ಮಾರುವ ಪೆಟ್ಟಿಗೆ ಬೇಡ. ನಾನು ತರಿಸಿದ್ದೆ, ಬಳಸಿದ್ದು ಐದು. ಅದರಲ್ಲಿದ್ದ ಮಣ್ಣಿನ ತೇವ ನೋಡುವ ಎರಡು ಹಲ್ಲಿನ ಸೆನ್ಸರ್ ಕಾಫಿ ಗಿಡದ ಬುಡದಲ್ಲಿ ಮೂರು ವಾರಕ್ಕೇ ತುಕ್ಕು ಹಿಡಿದು ಹೋಯಿತು. ಅದು ಬೇಕಿದ್ದರೆ ಕೆಪಾಸಿಟಿವ್ ಅನ್ನುವ ಮಾದರಿ ಕೇಳಿ. ಎಂಟು ಸಾವಿರ ಇದ್ದರೂ ಪೈ ಅಂತ ಹಾರಬೇಡಿ. ಹಳೇ ಡೆಸ್ಕ್‌ಟಾಪ್ ಮತ್ತು ಉನೊ ಸೇರಿ ಅಷ್ಟರಲ್ಲೇ ಬರುತ್ತವೆ, ಎರಡು ಕಡೆಯಿಂದಲೂ ಕಲಿತ ಹಾಗಾಗುತ್ತದೆ.

ಯಾವುದೇ ತನ್ನಿ, ಮಳೆಗಾಲಕ್ಕೆ ಮುಂಚೆ ಒಂದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಬೇಕು. ಹೊರಗಿಟ್ಟ ಬ್ರೆಡ್‌ಬೋರ್ಡಿನ ತೂತುಗಳೊಳಗೆ ಆಗಸ್ಟ್ ಹೊತ್ತಿಗೆ ಹಸಿರು ಕಿಲುಬು ಕಟ್ಟುತ್ತದೆ, ಆಮೇಲೆ ವೈರ್ ಸಿಕ್ಕಿಸಿದರೂ ಸಂಪರ್ಕ ಇರುವುದಿಲ್ಲ, ತಪ್ಪು ಎಲ್ಲಿದೆ ಅಂತ ಹುಡುಕಿ ಹುಡುಕಿ ಸಾಕಾಗುತ್ತದೆ. ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಿಂಗಳಿಗೊಮ್ಮೆ ಒಲೆಯ ಹತ್ತಿರ ಬೆಚ್ಚಗಿಟ್ಟು ಒಣಗಿಸಿ. ಏಪ್ರಿಲ್, ಮೇಯಲ್ಲಿ ಗುಡುಗು ಕೇಳಿದರೆ ಪ್ಲಗ್ ಕಿತ್ತುಬಿಡಿ, ಅಂಗಳದಿಂದ ಮನೆಯೊಳಗೆ ಬರುವ ಸೆನ್ಸರ್ ವೈರನ್ನೂ ಕೀಳಿ. ಮಿಂಚಿಗೆ ಒಳಬರಲು ಆ ಒಂದು ತಂತಿ ಸಾಕು.

ಮೈಸೂರಿಗೋ ಬೆಂಗಳೂರಿಗೋ ಹೋಗುವವರ ಕೈಗೆ ಚೀಟಿ ಕೊಡುವುದಾದರೆ ಹೀಗೆ ಬರೆಯಿರಿ: 220 ಓಮ್, 1 ಕೆ, 2 ಕೆ, 10 ಕೆ ರೆಸಿಸ್ಟರ್ ತಲಾ ಐವತ್ತು, ಕೆಂಪು, ಬಿಳಿ ಎಲ್‌ಇಡಿ ತಲಾ ಇಪ್ಪತ್ತು, ಬಿಸಿ547 ಟ್ರಾನ್ಸಿಸ್ಟರ್ ಹತ್ತು, 555 ಮೂರು, ಬ್ರೆಡ್‌ಬೋರ್ಡ್ ಎರಡು, ಮೀಟರ್ ಒಂದು, ಬೋರ್ಡ್ ಮೇಲೆ ಹೇಳಿದ್ದರಲ್ಲಿ ನಿಮ್ಮದು ಯಾವುದೋ ಅದು. ಕೊನೆಗೆ ಯುಎಸ್‌ಬಿ ಕೇಬಲ್, ಅದರ ಪಕ್ಕದಲ್ಲಿ 'ಡೇಟಾ ಕೇಬಲ್, ಬರೀ ಚಾರ್ಜಿಂಗಿನದಲ್ಲ' ಅಂತ ಎರಡು ಗೆರೆ ಎಳೆದು ಬರೆಯಿರಿ. ಹೊಸ ಬೋರ್ಡ್ ಕೆಟ್ಟಿದೆ ಅಂತ ನನ್ನ ಮೇಜಿಗೆ ಬಂದವುಗಳಲ್ಲಿ ಅರ್ಧಕ್ಕರ್ಧ ಆ ಕೇಬಲ್ ಬದಲಿಸಿದ ಕೂಡಲೇ ಸರಿಯಾಗಿವೆ.